ಮೂವತ್ತಾರು ಅಡಿ

ರಿಪ್ಪನ್‌ಪೇಟೆಯ ಕಾಲೇಜಿನ ಹಿಂದೆ
ಮುಚ್ಚಿದ ಅಕ್ಕಿ ಗಿರಣಿಯದೊಂದು ಜಂಬಿಟ್ಟಿಗೆ ಬಾವಿ.
ಏಪ್ರಿಲ್ಲಿನಲ್ಲಿ ತಳ ಕಾಣುತ್ತದೆ.
ಹುಚ್ಚಪ್ಪ ಇಳಿದು ಅಳೆದದ್ದು ಮೂವತ್ತಾರು ಅಡಿ,
ಅಂದರೆ ಒಂದೂವರೆ ಸೆಕೆಂಡು.
ನಮ್ಮ ಬಾಹ್ಯಾಕಾಶ ಅಷ್ಟೇ.

ನಾನು ಲ್ಯಾಬಿನ ಅಟೆಂಡರ್, ಜಲಜಾಕ್ಷಿ.
ದಫ್ತರ ನನ್ನದು, ಹಗ್ಗ ಹುಚ್ಚಪ್ಪನದು,
ಹುಚ್ಚು ಮಾತ್ರ ತಬಸ್ಸುಮ್ ಮೇಡಂದು.

ಡಬ್ಬಿಯೊಳಗೊಂದು ಡಬ್ಬಿ:
ಹೊರಗಿನದು ಗಾಳಿಯ ಪೆಟ್ಟು ತಿನ್ನಲಿಕ್ಕೆ,
ಒಳಗಿನದು ಸುಮ್ಮನೆ ಬೀಳಲಿಕ್ಕೆ.
ಕೆಳಗೆ ಭತ್ತದ ಹೊಟ್ಟಿನ ಹನ್ನೊಂದು ಮೂಟೆ.
ಮೊದಲ ದಿನ ಒಂದು ಮೋಂಬತ್ತಿ ಇಟ್ಟರು, ಒಂದು ಮೊಬೈಲು.
ಹಗ್ಗ ಬಿಟ್ಟದ್ದೂ ಧಡ್ ಅಂದದ್ದೂ ಒಂದೇ ಉಸಿರಿಗೆ.
ಮೇಲೆತ್ತಿ, ನಿಧಾನಕ್ಕೆ ಓಡಿಸಿ ನೋಡಿದರೆ
ದೀಪದ ಕುಡಿ ಕುಡಿಯಾಗಿ ಉಳಿದಿರಲಿಲ್ಲ.
ಗುಂಡಗೆ, ನೀಲಿಗೆ, ಹುಡುಗರ ಗೋಲಿಯ ಹಾಗೆ
ಯಾವುದು ಮೇಲೆ ಎಂಬುದನ್ನೇ ಮರೆತ ಬೆಂಕಿ.
ಹುಚ್ಚಪ್ಪ ಮೂರು ಸಲ ನೋಡಿ
ಕೈಯಲ್ಲಿದ್ದ ಬೀಡಿ ಆರಿಸಿದ.

ಬಾವಿಯ ಕಪ್ಪೆಗಳು ಎಂದು ನಕ್ಕರು ಸ್ಟಾಫ್ ರೂಮಿನಲ್ಲಿ.
ನಗಲಿ. ಕಪ್ಪೆಗೂ ಒಂದು ವಿಳಾಸ ಇರುತ್ತದಲ್ಲ,
ಅದಕ್ಕೆ ಕಾಗದ ಬರತೊಡಗಿದವು.
ಜೋರ್ಹಾಟಿನಿಂದ ನಿರುಪಮಾ ಬರುವಾ:
ನೂಲು ತೆಗೆಯುವ ಹುಳ ತೆಗೆಯುತ್ತಲೇ ಬಿದ್ದರೆ
ಎಳೆ ಯಾವ ಕಡೆ ಬಾಗುತ್ತದೆ?
ಜೋಧಪುರದಿಂದ ಕೇಸರ್ ಭಾಟಿ:
ಇಳಿಯಲು ನೆಲವಿಲ್ಲದಲ್ಲಿ ದೂಳು
ಯಾವುದಕ್ಕೆ ಅಂಟುತ್ತದೆ?
ಕೊಟ್ಟಾಯಂನ ಒಬ್ಬ ಮೇಷ್ಟ್ರು ಹಳೇ ಗ್ರೈಂಡರಿನ ಮೋಟಾರಿನಿಂದ
ಮೊಳಕೆಗೆ ದಿಕ್ಕು ತಪ್ಪಿಸುವ ಗಾಲಿ ಮಾಡಿದ್ದರು.
ಎಲ್ಲರ ಕಾಗದದ ಕೊನೆಗೂ ಅದೇ ಸಾಲು:
ಇಲ್ಲಿ ಈ ಕೆಲಸಕ್ಕೆ ನಾನೊಬ್ಬನೇ, ನಾನೊಬ್ಬಳೇ.
ಹಾಗೆ ಒಬ್ಬೊಬ್ಬರೇ
ಹದಿನಾರು ಜನ ಇದ್ದರು ದೇಶದಲ್ಲಿ.

ಮರುವರ್ಷ ಬಂದೇ ಬಂದರು, ಶಿವಮೊಗ್ಗದ ತನಕ ರೈಲು,
ಆಮೇಲೆ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುತ್ತ ಬಸ್ಸು.
ತೂಕವಿಲ್ಲದ್ದನ್ನು ಓದುವವರು ಎಂದು ಕಂಡಕ್ಟರನಿಗೆ ಗೊತ್ತಿರಲಿಲ್ಲ,
ಲಗೇಜಿಗೆ ಟಿಕೆಟ್ ಹರಿದ.
ಸಂಘಕ್ಕೆ ಹೆಸರಿಡುವುದರಲ್ಲಿ ಮಧ್ಯಾಹ್ನ ಹೋಯಿತು.
ಅಧ್ಯಕ್ಷರು ಯಾರು ಎನ್ನುವಲ್ಲಿ ಕಾಫಿ ಆರಿತು.
ಲೋಟ ಎತ್ತಲು ಹೋದವಳು ನಾನು ಕೇಳಿದ್ದು ಇಷ್ಟೇ:
ಬಿದ್ದು ಕೆಟ್ಟುಹೋದದ್ದನ್ನು
ಎಲ್ಲಿ ಬರೆಯಲಿ, ಅದಕ್ಕೆ ಜಾಗವೇ ಇಲ್ಲ?
ಯಾರ ಪುಸ್ತಕದಲ್ಲೂ ಇರಲಿಲ್ಲ.

ಆ ರಾತ್ರಿ ಕರೆಂಟಿಲ್ಲದ ಲ್ಯಾಬಿನಲ್ಲಿ
ಸ್ಕೇಲು ಹಿಡಿದು ಗೆರೆ ಎಳೆದರು. ತಾರೀಖು, ಎತ್ತರ,
ಗಾಳಿಯ ತೇವ, ಯಾರ ಡಬ್ಬಿ, ಯಾರ ಕೈ,
ಕೊನೆಗೆ ಎಲ್ಲಕ್ಕಿಂತ ಅಗಲದ ಮನೆ: ಕೆಟ್ಟದ್ದು.
ಹದಿನಾರು ಊರಿಗೂ ಅದೇ ಹಾಳೆ.
ಸಂಘದ ಹೆಸರು ಇನ್ನೂ ತೀರ್ಮಾನವಾಗಿಲ್ಲ.

ನಮ್ಮ ಬಾವಿಯ ಲೆಕ್ಕ: ಮುನ್ನೂರ ನಲವತ್ತು ಸಲ.
ಕೂಡಿಸಿದರೆ ಎಂಟೂವರೆ ನಿಮಿಷ,
ಅಕ್ಕಿ ಬೇಯುವುದಕ್ಕೂ ಸಾಲದು.

ಆಮೇಲೆ ಮಳೆ ಹಿಡಿಯಿತು.
ಜೂನ್ ಹದಿಮೂರು: ಉಳಿದದ್ದು ಇಪ್ಪತ್ತಡಿ. ಒಂದು ಸೆಕೆಂಡು, ಚೂರು.
ಜೂನ್ ಇಪ್ಪತ್ತೊಂಬತ್ತು: ಒಂಬತ್ತಡಿ. ಮುಕ್ಕಾಲು.
ಜುಲೈ: ಕೈ ಚಾಚಿದರೆ ನೀರು. ಹುಚ್ಚಪ್ಪ ಹಗ್ಗ ಸುತ್ತಿಟ್ಟ.
ಕೆಟ್ಟದ್ದು ಎಂಬಲ್ಲಿ ‘ಮಳೆ’ ಎಂದು ಬರೆದೆ,
ಮನಸ್ಸು ಒಪ್ಪಲಿಲ್ಲ, ಹೊಡೆದುಹಾಕಿದೆ.

ಅಷ್ಟರಲ್ಲಿ ಭಾಟಿಯ ಕಾಗದ: ಅಕ್ಕಾ,
ನಮ್ಮೂರಿನ ಹಾಳು ಬಾವಿ ಮೂರು ವರ್ಷದಿಂದ ಒಣಗಿದೆ.
ನಿಮಗಿಂತ ಆಳ. ಡಬ್ಬಿ ಕಳಿಸಿ.

ಗೋಣಿ ಸುತ್ತಿ ಹೊಲಿದೆ, ಹೊಟ್ಟು ತುಂಬಿದೆ.
ಅಂಚೆ ಕಚೇರಿಯಲ್ಲಿ ದಾಕ್ಷಾಯಿಣಿ ಮಸಿ ಪೆನ್ನು ಹಿಡಿದು ಕೇಳಿದಳು,
‘ಯಾವ ಬದಿ ಮೇಲೆ ಅಂತ ಬರೀಲಿ?’
ಡಬ್ಬಿಯನ್ನು ಒಮ್ಮೆ ತಿರುಗಿಸಿದೆ. ಇನ್ನೊಮ್ಮೆ.
ಹಿಂದೆ ಕ್ಯೂ ಬೆಳೆಯುತ್ತಿತ್ತು.