ಇಪ್ಪತ್ತೈದು ಅಕ್ಷರ

ಡಬ್ಬದ ಮೇಲೆ ಸಾವಿರದ ನಾನ್ನೂರ ತೊಂಬತ್ತೊಂಬತ್ತು.
ಉಳಿದ ಒಂದು ರೂಪಾಯಿಗೆ
ಎಸ್.ಪಿ. ರೋಡಿನ ಅಂಗಡಿಯವನು ಚಾಕಲೇಟು ಕೊಟ್ಟ.

ನ್ಯಾಷನಲ್ ಮಾರ್ಕೆಟ್ಟಿನ ಮೆಟ್ಟಿಲ ಮೇಲೆ
ಇದೇ ಸಾಮ್ರಾಜ್ಯ, ಇದೇ ಆನೆ, ಇದೇ ಕೋಟೆ
ನೂರಕ್ಕೆರಡು ಸಿಗುತ್ತಿತ್ತು ಪ್ಲಾಸ್ಟಿಕ್ ಲಕೋಟೆಯಲ್ಲಿ.
ಬೇಡ ಅಂದೆ. ಹದಿನೇಳು ನನಗೆ;
ರಾಜನಾಗುವವನು ಕದ್ದ ಕಿರೀಟ ಇಡಬಾರದು
ಅನ್ನಿಸುವ ವಯಸ್ಸು.
ಏಳು ತಿಂಗಳು ಕಂಡಿಕೆ ಸುತ್ತಿದ ಕೂಲಿ,
ಸೋದರತ್ತೆ ಯುಗಾದಿಗೆ ಕೊಟ್ಟ ನೂರು.

ಡಬ್ಬದ ತಳದಲ್ಲಿ, ಬಾರ್‌ಕೋಡಿನ ಕೆಳಗೆ,
ಇರುವೆ ಹರಿದಷ್ಟು ಸಣ್ಣಗೆ ಬರೆದಿತ್ತು:
ಆಡುವ ಮುನ್ನ ಇಂಟರ್‌ನೆಟ್ಟಿನಲ್ಲಿ ಅನುಮತಿ ಪಡೆಯತಕ್ಕದ್ದು.
ನಾನು ಓದಲಿಲ್ಲ. ಮಾರಿದವನೂ ಓದಿರಲಿಲ್ಲ.

ಕಬ್ಬನ್‌ಪೇಟೆಯ ಓಣಿ ನಮ್ಮದು.
ಎದುರು ಮನೆಯ ಮಗ್ಗ ನಿಂತರೆ
ನಮ್ಮ ಮನೆಯವರಿಗೆ ಎಚ್ಚರವಾಗುತ್ತದೆ.
ನಾಲ್ಕು ಪವರ್‌ಲೂಮು, ಒಂದು ಕಂಪ್ಯೂಟರು,
ಅದೂ ಸೀರೆ ಅಂಚಿನ ಡಿಸೈನಿಗೆಂದು ತಂದ ಸೆಕೆಂಡ್ ಹ್ಯಾಂಡು.
ನೆಟ್ ಇರಲಿಲ್ಲ.

ಇಪ್ಪತ್ತೈದು ಅಕ್ಷರ ಒತ್ತು ಅಂದಿತು ಪರದೆ, ಒತ್ತಿದೆ.
ಇರು, ಕೇಳಿ ಹೇಳುತ್ತೇನೆ ಅಂದಿತು.
ಹಿಂದೆ ನಿಂತಿದ್ದ ಅಜ್ಜಿ:
"ಯಾರನ್ನ ಕೇಳ್ಬೇಕಂತೋ? ದುಡ್ಡು ಎಣಿಸಿ ಕೊಟ್ಟಾಗಿದ್ಯಲ್ಲ?"

ಮಾರನೆಯ ಬೆಳಿಗ್ಗೆ ಸಿಪಿಯು ಬಿಚ್ಚಿ,
ನೇಯ್ಗೆ ತಪ್ಪಿದ ಸೀರೆಯ ತುಂಡಿನಲ್ಲಿ ಕೂಸಿನಂತೆ ಸುತ್ತಿ,
ಕುಪ್ಪಣ್ಣನ ಟಿವಿಎಸ್ಸಿನ ಹಿಂದೆ ತಬ್ಬಿ ಕೂತೆ.
ಹಡ್ಸನ್ ಸರ್ಕಲ್ಲಿನಲ್ಲಿ ಪೊಲೀಸು ಕೈ ಅಡ್ಡ ಹಿಡಿದ.
"ಏನದು?"
"ಕಂಪ್ಯೂಟರು ಸಾರ್. ಹುಷಾರಿಲ್ಲ."

ಸಂಪಂಗಿರಾಮನಗರದ ಫಿಲೋಮಿನಾ ಮಿಸ್ಸಿನ ಸೈಬರ್ ಸೆಂಟರು:
ಗಂಟೆಗೆ ಹದಿನೈದು,
ಸ್ವಂತ ಪೆಟ್ಟಿಗೆ ತಂದವರಿಗೆ ಇಪ್ಪತ್ತು.
ನೀಲಿ ವೈರು ಅವರೇ ಎಳೆದು ಚುಚ್ಚಿದರು.
ಹಸಿರು ಗೆರೆ ತೆವಳಿತು, ನಿಂತಿತು, ತೆವಳಿತು.
ಸಮುದ್ರದಾಚೆ ಎಲ್ಲೋ ಒಂದು ಯಂತ್ರ
ನನ್ನ ಅಕ್ಷರಗಳನ್ನು ಓದಿ ತಲೆಯಾಡಿಸಿತು.
"ಪಾಸಾ?" ಅಂದರು ಮಿಸ್ಸು.

ಆ ದಸರೆಯಲ್ಲಿ ಮೂರು ನದಿ ದಾಟಿದೆ.
ಧಾನ್ಯ ಕೂಡಿಟ್ಟೆ, ತೆರಿಗೆ ಇಳಿಸಿದೆ,
ಸೋತ ದೊರೆಗೆ ಎರಡು ಊರು ಬಿಟ್ಟೆ.
ಕರೆಂಟು ಹೋದಾಗ ಯುದ್ಧ ನಿಂತು, ಮಗ್ಗಗಳೂ ನಿಂತು,
ಓಣಿಯುದ್ದಕ್ಕೂ ಜನರ ಕೆಮ್ಮು ಕೇಳುತ್ತಿತ್ತು.

ಆಮೇಲೆ ಮದರ್‌ಬೋರ್ಡು ಸುಟ್ಟಿತು.
ಹೊಸದು ಹಾಕಿಸಿದರೆ ಆಟಕ್ಕೆ ನನ್ನ ಗುರುತಿಲ್ಲ.
ಮತ್ತೆ ಸೀರೆಯ ತುಂಡು, ಮತ್ತೆ ಕುಪ್ಪಣ್ಣ.
ಇನ್ನೊಮ್ಮೆ ಹಾರ್ಡ್‌ಡಿಸ್ಕು. ಆಮೇಲೆ
ನಿಮ್ಮ ಮೂರು ಸಲ ಮುಗಿದಿದೆ ಎಂದಿತು,
ವರ ಕೊಟ್ಟು ಬೇಸತ್ತ ದೇವರ ಹಾಗೆ.

ತಟ್ಟೆಯಿಂದ ಕಣ್ಣೆತ್ತದೆ ಅಪ್ಪ ಹೇಳಿದ್ದು:
"ಮಾರಿದ ಸೀರೆ ಉಟ್ಟೋಳ್ದು.
ಉಡ್ತಾಳೋ, ತೊಟ್ಟಿಲು ಕಟ್ತಾಳೋ, ಒಲೆಕಟ್ಟೆ ಒರೆಸ್ತಾಳೋ.
ನೆರಿಗೆ ಹಿಡಿಯೋವಾಗ ನನ್ನೊಂದ್ಮಾತು ಕೇಳು ಅಂತೀನಾ?"
ನಕ್ಕೆ. ಅವರು ನಗಲಿಲ್ಲ. ಮಜ್ಜಿಗೆ ಕೇಳಿದರು.

ಈಗ ಅದೇ ಆಟ ಹಬ್ಬದ ರಿಯಾಯಿತಿಯಲ್ಲಿ
ನೂರ ನಲವತ್ತೊಂಬತ್ತು. ಡಬ್ಬವಿಲ್ಲ, ಚಾಕಲೇಟಿಲ್ಲ.
ಮೆಜೆಸ್ಟಿಕ್ಕಿನಲ್ಲಿ ಮೆಟ್ರೋ ಬದಲಿಸುತ್ತ ನಿಂತೇ ಕೊಂಡೆ.
ಈ ಸಲ ಸಣ್ಣಕ್ಷರ ಪೂರ್ತಿ ಓದಿದೆ:
ಇದು ನಿಮ್ಮದಲ್ಲ, ಬಳಸಲು ಬಿಟ್ಟಿದ್ದೇವೆ, ಬೇಕಾದಾಗ ಹಿಂಪಡೆಯುತ್ತೇವೆ.
ಓದಿ, ಒಪ್ಪಿದೆ.
ಹಿಂದಿನವರು ತಳ್ಳುತ್ತಿದ್ದರು.

ಸಮುದ್ರದಾಚೆಯ ಆ ಯಂತ್ರವನ್ನು ಎಂದೋ ಆರಿಸಿದ್ದಾರಂತೆ.
ಹಳೇ ಡಬ್ಬದಲ್ಲಿ ಅಮ್ಮನ ಸೂಜಿ, ಗುಂಡಿ, ಹುಕ್ಕು.
ಅಡಿಯಲ್ಲಿ ಡಿಸ್ಕು. ಅದರೊಳಗೆ ನನ್ನ ಆನೆಗಳು
ಅಂಬಾರಿ ಹೊತ್ತೇ ನಿಂತಿವೆ.

ಹೊಸ ಆಟದ ಆನೆಗಳು ಇನ್ನೂ ಚೆಂದ, ಸುಳ್ಳೇಕೆ.
ಆದರೂ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು
ಮಲಗಿದಾಗ ತಾನಾಗಿ ಬರುತ್ತವೆ
ಆ ಇಪ್ಪತ್ತೈದು ಅಕ್ಷರ, ಐದೈದರ ಗುಂಪಾಗಿ,
ನಡುವೆ ಒಂದೊಂದು ಗೆರೆ ಸಮೇತ.
ಹೆಂಡತಿಯ ಫೋನ್ ನಂಬರು
ನನಗೆ ಬಾಯಿಗೆ ಬರುವುದಿಲ್ಲ.