ಮೂವತ್ತೇಳನೆಯದು

ಡೆಲ್ಫಿಯಾ ಅದನ್ನು ಅಡುಗೆಮನೆಯ ಟವೆಲಿನಲ್ಲಿ ಸುತ್ತಿ ತಂದಳು,
ಹುಳಿಬಂದ ಬ್ರೆಡ್ಡನ್ನು ಅಂಗಡಿಗೆ ಹಿಂತಿರುಗಿಸುವವಳ ಹಾಗೆ.
"ಹಾಲ್ಬ್ರುಕ್ ಕಂಪನಿಯದು. ನೂರಾ ತೊಂಬತ್ತು ಡಾಲರ್. ಹೊಸದು.
ಆರ್ವಿಲ್, ಒಂದೇ ಮಾತು ಹೇಳು. ನಂಬಬಹುದೆ?"

ಕೆಂಟಕಿಯ ಈ ಕಣಿವೆಯಲ್ಲಿ ನಲವತ್ತು ವರ್ಷದಿಂದ
ಬಂದೂಕು ಬಿಚ್ಚುತ್ತೇನೆ, ಜೋಡಿಸುತ್ತೇನೆ.
ದುಬಾರಿಯದನ್ನು ತಂದವರು ಯಾರೂ ಇದನ್ನು ಕೇಳಿಲ್ಲ.
ಅವರು ಕೇಳುವುದು ಹಿಡಿಗೆ ಒಳ್ಳೆಯ ವಾಲ್ನಟ್ ಸಿಗುತ್ತದೆಯೇ ಅಂತ.

ಇವಳದು ರಾತ್ರಿ ಪಾಳಿ. ಮನೆಮನೆಗೆ ಹೋಗುವ ನರ್ಸು.
ದೀಪವಿಲ್ಲದ ರಸ್ತೆಯ ಕೊನೆಗೆ ಹೋಬರ್ಟ್ ಸೈಜ್‌ಮೋರನ ಟ್ರೇಲರ್,
ಗಣಿಯ ಮಸಿ ತುಂಬಿದ ಅವನ ಶ್ವಾಸಕೋಶ,
ಅವಳ ಕೈಚೀಲದಲ್ಲಿ ಅವನ ನೋವಿನ ಮಾತ್ರೆ.
ಮಾತ್ರೆ ಯಾವ ಚೀಲದಲ್ಲಿದೆ ಎಂದು
ಹೋದ ತಿಂಗಳು ಯಾರಿಗೋ ಗೊತ್ತಾಗಿತ್ತು.
ಅಷ್ಟೇ ಹೇಳಿದಳು. ನಾನೂ ಅಷ್ಟೇ ಕೇಳಿಸಿಕೊಂಡೆ.

ನಾಳಕ್ಕೂ ಸಿಲಿಂಡರಿಗೂ ನಡುವೆ ತಗಡಿನ ಎಳೆ ತೂರಿಸಿದೆ:
ಇಂಚಿನ ಸಾವಿರದಲ್ಲಿ ಆರು ಪಾಲು. ತಪ್ಪಿಲ್ಲ.
ಕುದುರೆ ಎತ್ತಿದೆ, ನಿಧಾನಕ್ಕೆ.
ಐದು ಮನೆಗಳಲ್ಲಿ ನಾಲ್ಕು ತಾವಾಗಿ ಬಂದು ನಿಂತವು.
ಒಂದು ಮಾತ್ರ, ಸೋಮವಾರದ ಹುಡುಗನ ಹಾಗೆ,
ಕೊನೇ ಗಳಿಗೆಗೆ ಎದ್ದುಬಂತು.

ಅಂಗಡಿಯ ಹಿಂದೆ ಜಲ್ಲಿಗುಂಡಿ. ಐವತ್ತರ ಒಂದು ಪೆಟ್ಟಿಗೆ,
ಅವಳ ಒಂದೂವರೆ ಗಂಟೆಯ ಕೂಲಿ.
ಇನ್ನೂರಾದರೂ ಹಾರಿಸಿ ನೋಡಬೇಕು ಎನ್ನುತ್ತಾರೆ ಬಲ್ಲವರು.
ಬಲ್ಲವರಿಗೇನು.
ಮೂವತ್ತಾರು ಹಾರಿದವು.
ಮೂವತ್ತೇಳನೆಯದು: ಟಕ್.

ಎಂಥ ಸದ್ದು ಅದು! ಖಾಲಿ ತಟ್ಟೆಗೆ ಚಮಚ ತಗುಲಿದಷ್ಟು.
ಅವಳು ನಾಳವನ್ನು ಗುಡ್ಡದ ಕಡೆಗೇ ಹಿಡಿದು
ಅರ್ಧ ನಿಮಿಷ ಕಾದಳು, ಹೇಳಿಕೊಟ್ಟ ಹಾಗೆ,
ಕಣ್ಣು ಮಾತ್ರ ನನ್ನ ಮೇಲೆ.

ತೆಗೆದು ನೋಡಿದರೆ ಹಿತ್ತಾಳೆಯ ಬೆನ್ನಲ್ಲಿ
ಎಳ್ಳು ಕೂಡ ನಿಲ್ಲದಷ್ಟು ಗುಳಿ.
ಅದನ್ನೇ ತಿರುಗಿ ಹಾಕಿ ಹಾರಿಸಿದಳು. ಹಾರಿತು.
ತಪ್ಪು ಗುಂಡಿನದೋ, ಸ್ಪ್ರಿಂಗಿನದೋ,
ತಡವಾಗಿ ಏಳುವ ಆ ಒಂದು ಮನೆಯದೋ?
ಯಾವುದು ಯಾವ ಮನೆಯಲ್ಲಿತ್ತೆಂದು
ನಾವಿಬ್ಬರೂ ಗುರುತು ಹಾಕಿರಲಿಲ್ಲ.
ಉಳಿದ ಹದಿಮೂರೂ ಮಕ್ಕಳ ಹಾಗೆ ಹೇಳಿದ ಮಾತು ಕೇಳಿದವು.

"ಕೈ ಕೊಡುತ್ತದಾ?" ಅಂದಳು.
ಎರಡು ಅಲಗಿನ ಮಾತು ಅದು.
ಹಾಸಿಗೆಯಿಂದ ಏಳಲಾರದ ಹೋಬರ್ಟನಿಗೆ
ಪ್ರತಿ ರಾತ್ರಿ ಎರಡು ಸಲ ಅವಳು ಮಾಡುವುದೂ ಅದನ್ನೇ.

ಅವನ ಆಮ್ಲಜನಕದ ಯಂತ್ರವೂ ಅಗ್ಗದ್ದಂತೆ.
ನಡುರಾತ್ರಿ ಉಸಿರು ಕಟ್ಟಿ ಸುಮ್ಮನಾಗುತ್ತದೆ,
ಎಡಮಗ್ಗುಲಿಗೆ ಗುದ್ದಿದರೆ ಮತ್ತೆ ಶುರು.
"ಅದನ್ನು ನಂಬ್ತೀಯಾ?" ಕೇಳಿದೆ.
"ಇಲ್ಲ," ಅಂದಳು. "ಪಕ್ಕದಲ್ಲೇ ಕೂತಿರ್ತೀನಿ."

ಮಾರಿಬಿಡು ಅನ್ನಬಹುದಿತ್ತು. ಮಾರಿದರೆ ಎಂಬತ್ತು ಸಿಗುತ್ತಿತ್ತು,
ಎಂಬತ್ತಕ್ಕೆ ಬರುವುದು ಇದರ ಅಣ್ಣನಲ್ಲ, ತಮ್ಮ.
ಡಬ್ಬಿ ಕೆದಕಿ ಬಿಗಿಯಾದ ಸ್ಪ್ರಿಂಗೊಂದನ್ನು ಹುಡುಕಿದೆ,
ಸತ್ತ ಯಾವುದೋ ರಿವಾಲ್ವರಿನದು.
ದುಡ್ಡು ಬೇಡವೆಂದರೂ ಎರಡು ಡಾಲರ್ ಗಾಜಿನ ಮೇಲಿಟ್ಟಳು.

ಕೂರಿಸುವಾಗ ಸ್ಪ್ರಿಂಗು ಚಿಮ್ಮಿ ನೆಲಕ್ಕೆ ಬಿತ್ತು.
ಎತ್ತಿ ಕೂರಿಸಿದೆ. ಮತ್ತೆ ಬಿತ್ತು.
ಈ ಚಳಿಗಾಲದಿಂದ ನನ್ನ ಬಲಗೈ ನಡುಗುತ್ತದೆ,
ಇನ್ನೂ ಯಾರಿಗೂ ಹೇಳಿಲ್ಲ.
ಅವಳು ನೋಡಿದಳು. ನರ್ಸಲ್ಲವೆ.
ಬಗ್ಗಿ ಸ್ಪ್ರಿಂಗನ್ನು ಆರಿಸಿ
ನನ್ನ ಅಂಗೈಯಲ್ಲಿಟ್ಟು, ಮಣಿಕಟ್ಟನ್ನು ಹಿಡಿದು ನಿಂತಳು,
ಅದು ತನ್ನ ಗೂಡಿಗೆ ಕೂರುವ ತನಕ.

ಟವೆಲು ಸುತ್ತಿಕೊಂಡು ಹೊರಟಳು. ಏಳಕ್ಕೆ ಪಾಳಿ.
ಬಂದಾಗ ಕೇಳಿದ್ದನ್ನು
ಹೋಗುವಾಗ ಕೇಳಲಿಲ್ಲ.