ಮೂರನೆಯ ನೆನಪೋಲೆ

"ಮಾನ್ಯರೇ, ಬಾಕಿ ಎರಡು ಲಕ್ಷ ಯೆನ್" ಎಂದೇ
ಶುರುಮಾಡಿದ್ದಳು ನೊಜುಯೆ.
ಚಮಚದ ಕಾರ್ಖಾನೆಯ ಮುದಿ ಯಜಮಾನ ಇಸುರುಗಿ
ಕೆಂಪು ಪೆನ್ಸಿಲಲ್ಲಿ ಹೊಡೆದುಹಾಕಿದ:
ಮೊದಲು ಚಳಿಗಾಳಿಯ ಮಾತಾಡು.
ಸಾಲಗಾರನಿಗೂ ಒಂದು ಕಿಟಕಿ ಇರುತ್ತದೆ.

ತ್ಸುಬಾಮೆಯಲ್ಲಿ ಮಂಡಿಮಟ್ಟ ಹಿಮ.
ಬರೆದಳು: ಚಳಿ ಇನ್ನೂ ಹೊರಟಿಲ್ಲ, ತಾವು ಕ್ಷೇಮವೇ?
ಆಮೇಲೆ ಒಂದು ಸಾಲು ಖಾಲಿ,
ಉಸಿರು ತಿರುಗಿಸಿಕೊಳ್ಳುವಷ್ಟು.
ಆಮೇಲೆ, ದನಿ ತಗ್ಗಿಸಿ, ಮೊತ್ತ.
ತಾರೀಖು. ಹೆಸರಿನ ಕೊನೆಯಕ್ಷರಕ್ಕೆ
ತಾಗಿಯೂ ತಾಗದಂತೆ ಕೆಂಪು ಮೊಹರು.

ಹನ್ನೆರಡು ದಿನಕ್ಕೆ ಉತ್ತರ:
ಅಂಚು ನೇರ, ಮಡಿಕೆ ಮೂರು,
ಐದು ಸಾಲು ತುಂಬ ಅಟಾಮಿಯ ಉಮೆ ಹೂವು.
ಸಾಲದ ಸೊಲ್ಲೇ ಇಲ್ಲ.

ಮುದುಕ ಎರಡು ಸಲ ಓದಿದ.
"ಪತ್ರ ಅಂದರೆ ಇದು" ಎಂದ,
ಪೆನ್ಸಿಲು ಕಿವಿಗೆ ಸಿಕ್ಕಿಸಿ.
"ಕೂರು, ನಾಲ್ಕನೆಯದು ಬರೆ.
ಹೂವು ಉದುರಿದವೇ, ಕೇಳು."